ಕಲಿಸಲು ಬಂದು ಕಲಿತ ಕಿಟ್ಟೆಲ್



ಕನ್ನಡ ಪಾಠದಲ್ಲಿ ಒಂದು ಪದ ಅರ್ಥವಾಗದಿದ್ದರೆ ನಿಘಂಟು ನೋಡಿ ಎಂದು ಉಪನ್ಯಾಸಕರು ಹೇಳುತ್ತಾರೆ. ನಿಘಂಟು ಎಂದ ಕೂಡಲೇ ಕೇಳಿಬರುವ ಮೊದಲ ಹೆಸರು ಕಿಟ್ಟೆಲ್. ಅವರು ಕನ್ನಡಿಗರಲ್ಲ, ಭಾರತದವರೂ ಅಲ್ಲ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಂದರೆ ನಮಗಿಂತ ನಾಲ್ಕೈದು ವರ್ಷವಷ್ಟೇ ದೊಡ್ಡವರಾಗಿದ್ದಾಗ, ತಮ್ಮ ಧರ್ಮವನ್ನು ಬೋಧಿಸಲು ಜರ್ಮನಿಯಿಂದ ಹಡಗು ಹತ್ತಿ ಬಂದವರು. ಬಂದದ್ದು ಕಲಿಸಲು, ಆದರೆ ಜೀವನಪೂರ್ತಿ ಮಾಡಿದ್ದು ಕಲಿಯುವ ಕೆಲಸ. ಅವರ ಬದುಕನ್ನು ಈ ಲೇಖನದಲ್ಲಿ ಚಿಕ್ಕದಾಗಿ ಹೇಳುತ್ತೇನೆ.

ಫರ್ಡಿನೆಂಡ್ ಕಿಟ್ಟೆಲ್ 1832ರ ಏಪ್ರಿಲ್ 7ರಂದು ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಸಮುದ್ರಕ್ಕೆ ಹತ್ತಿರದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಚರ್ಚಿನ ಪಾದ್ರಿ. ಮಗನೂ ದೇವರ ಸೇವೆಗೆ ಹೋಗಬೇಕೆಂಬುದು ತಂದೆಯ ಆಸೆ. ಶಾಲೆಯಲ್ಲಿ ಓದುವಾಗಲೇ ಕಿಟ್ಟೆಲ್ ಅವರಿಗೆ ಭಾಷೆಗಳೆಂದರೆ ಪ್ರೀತಿ. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತರು. ಅವರು ಹುಟ್ಟಿದ ವರ್ಷವೇ ಮದರಾಸಿನಲ್ಲಿ ವಿಲಿಯಂ ರೀವ್ ಎಂಬ ಮಿಶನರಿಯ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿತ್ತು. ಆ ನಿಘಂಟನ್ನು ಮೀರಿಸುವ ಇನ್ನೊಂದನ್ನು ಬರೆಯುವ ಮಗು ಅದೇ ವರ್ಷ ಅಷ್ಟು ದೂರದಲ್ಲಿ ಹುಟ್ಟಿದ್ದು ನೆನಪಿಡುವಂತಹ ಸಂಗತಿ.

ಸ್ವಿಟ್ಜರ್‌ಲೆಂಡ್ ದೇಶದ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಶನ್ ಶುರುವಾಗಿತ್ತು. ಈ ಮಿಶನ್ನಿನ ಮೊದಲ ತಂಡ 1834ರಲ್ಲಿ ಮಂಗಳೂರಿಗೆ ಬಂತು. ಧರ್ಮಬೋಧನೆಯ ಜೊತೆಗೆ ಅವರು ಬೇರೆ ಕೆಲಸಗಳನ್ನೂ ಮಾಡಿದರು. 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ಹಾಕಿದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದರು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಅರಸೀಕೆರೆಯ ಹಳೆಯ ಮನೆಗಳ ಮೇಲೆ ನಾವು ಇಂದಿಗೂ ನೋಡುವ ಮಂಗಳೂರು ಹೆಂಚಿನ ಕಥೆ ಅಲ್ಲಿಂದ ಆರಂಭವಾಗುತ್ತದೆ.

ಈ ಮಿಶನ್ನಿನಲ್ಲಿ ತರಬೇತಿ ಮುಗಿಸಿದ ಕಿಟ್ಟೆಲ್ 1853ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರು ಹೀಗೆ ಊರಿಂದ ಊರಿಗೆ ಅವರ ಕೆಲಸ ನಡೆಯಿತು. ಹೊಸದಾಗಿ ಬಂದ ಮಿಶನರಿಗೆ ಮೊದಲ ಕೆಲಸವೇ ಭಾಷೆ. ಮಾತು ಬಾರದವನ ಬೋಧನೆಯನ್ನು ಯಾರು ಕೇಳುತ್ತಾರೆ? ಉಳಿದವರು ಬೋಧನೆಗೆ ಸಾಕಾಗುವಷ್ಟು ಕಲಿತು ಮುಂದೆ ಹೋದರೆ ಕಿಟ್ಟೆಲ್ ಅಲ್ಲಿಗೆ ನಿಲ್ಲಲಿಲ್ಲ. ಜನ ಒಂದು ಮಾತನ್ನು ಯಾಕೆ ಹೀಗೆ ಹೇಳುತ್ತಾರೆ, ಹಳೆಯ ಕವಿಗಳು ಅದನ್ನೇ ಹೇಗೆ ಹೇಳಿದ್ದರು, ಪಕ್ಕದ ತುಳುವಿನಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂದು ಹುಡುಕುತ್ತಾ ಹೋದರು. ಜನರ ನಡುವೆ ಬದುಕಬೇಕು, ಅವರಲ್ಲಿ ಒಬ್ಬರಾಗಬೇಕು ಎಂಬುದು ಅವರ ನಿಲುವಾಗಿತ್ತು.

ಇದು ಮಿಶನ್ನಿನ ಎಲ್ಲರಿಗೂ ಇಷ್ಟವಾಗಲಿಲ್ಲ. ಧರ್ಮಪ್ರಚಾರಕ್ಕೆ ಕಳಿಸಿದ ಯುವಕ ತಾಳೆಗರಿಯ ಮುಂದೆ ಕುಳಿತರೆ ಕಳಿಸಿದವರಿಗೆ ಪ್ರಶ್ನೆ ಏಳುವುದು ಸಹಜವೇ. ಕಿಟ್ಟೆಲ್ ತಮ್ಮವರ ನಡುವೆಯೇ ಸ್ವಲ್ಪ ಹೊರಗಿನವರಂತಾದರು. ಆದರೆ ಅವರು ತಮ್ಮ ನಂಬಿಕೆಯನ್ನೂ ಬಿಡಲಿಲ್ಲ, ಭಾಷೆಯನ್ನೂ ಬಿಡಲಿಲ್ಲ. 1862ರಲ್ಲಿ ಅವರ ಕಥಾಮಾಲೆ ಪ್ರಕಟವಾಯಿತು. ಅದರಲ್ಲಿ ಯೇಸುವಿನ ಬದುಕನ್ನು ಕನ್ನಡ ಛಂದಸ್ಸಿನಲ್ಲಿ ಹಾಡುವಂತೆ ಬರೆದರು. ನಂಬಿಕೆ ಅವರ ಊರಿನದು, ಛಂದಸ್ಸು ಈ ನೆಲದ್ದು.

ಮನೆಯ ಕಷ್ಟವೂ ಕಡಿಮೆ ಇರಲಿಲ್ಲ. 1860ರಲ್ಲಿ ಪೌಲೀನ್ ಎಂಬುವರನ್ನು ಮದುವೆಯಾದರು. ನಾಲ್ಕೇ ವರ್ಷದಲ್ಲಿ, 1864ರಲ್ಲಿ, ಪೌಲೀನ್ ತೀರಿಕೊಂಡರು. 1867ರಲ್ಲಿ ಪೌಲೀನ್ ಅವರ ತಂಗಿ ಜೂಲಿಯನ್ನು ಮದುವೆಯಾದರು. ಆಗಿನ ಕಾಲದಲ್ಲಿ ದೂರದೇಶಕ್ಕೆ ಬಂದ ಕುಟುಂಬಗಳಿಗೆ ಜ್ವರ, ಸಾವು ಹೊಸದಲ್ಲ. ಇಂತಹ ದುಃಖವಾದ ಮೇಲೆ ಊರಿಗೆ ಹೋಗಿ ಅಲ್ಲೇ ಉಳಿದುಬಿಟ್ಟಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಕಿಟ್ಟೆಲ್ ಮತ್ತೆ ಕನ್ನಡ ನಾಡಿನ ಕೆಲಸಕ್ಕೇ ಬಂದರು.

ಇಲ್ಲಿಂದ ಅವರ ಕಥೆ ನಮ್ಮ ಜಿಲ್ಲೆಯ ಹತ್ತಿರ ಬರುತ್ತದೆ. 1872ರಲ್ಲಿ ಕಿಟ್ಟೆಲ್ ಮಂಗಳೂರಿನಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಅದು ಕೇಶಿರಾಜ ಬರೆದ ಹಳಗನ್ನಡ ವ್ಯಾಕರಣ. ಕೇಶಿರಾಜ 13ನೆಯ ಶತಮಾನದವನು, ಹೊಯ್ಸಳರ ಕಾಲದವನು. ಅವನ ತಂದೆ ಮಲ್ಲಿಕಾರ್ಜುನ ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ ಸೂಕ್ತಿಸುಧಾರ್ಣವ ಎಂಬ ಪದ್ಯಸಂಕಲನ ಮಾಡಿದವನು. ಸೋದರಮಾವ ಜನ್ನ, ಹೊಯ್ಸಳರ ಆಸ್ಥಾನಕವಿ. ಆ ಹೊಯ್ಸಳರ ರಾಜಧಾನಿ ದೋರಸಮುದ್ರವೇ ಈಗಿನ ಹಳೇಬೀಡು. ನಾವು ಬೇಲೂರು, ಹಳೇಬೀಡಿಗೆ ಪ್ರವಾಸ ಹೋದಾಗ ಕಲ್ಲಿನ ಕೆತ್ತನೆ ನೋಡಿ ಫೋಟೋ ತೆಗೆದುಕೊಳ್ಳುತ್ತೇವೆ. ಅದೇ ಕಾಲದಲ್ಲಿ ಕಲ್ಲಿನಷ್ಟೇ ಸೂಕ್ಷ್ಮವಾಗಿ ಭಾಷೆಯನ್ನೂ ಕಡೆದವರಿದ್ದರು ಎಂಬುದು ನಮಗೆ ನೆನಪಾಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಹಳೇಬೀಡು ಎಂದರೆ ಹಳೆಯ ಬೀಡು. ಈ ಹಳೆ ಎಂಬ ಮಾತು ಹಳಗನ್ನಡದಲ್ಲಿ ಪೞ ಎಂದಿತ್ತು. ಕಾಲ ಕಳೆದಂತೆ ಪಕಾರ ಹಕಾರವಾಯಿತು. ೞ ಎಂಬ ಅಕ್ಷರ ಹೋಗಿ ಳ ಬಂತು. ತಮಿಳಿನಲ್ಲಿ ಆ ಹಳೆಯ ಅಕ್ಷರದ ಧ್ವನಿ ಇನ್ನೂ ಉಳಿದಿದೆ. ದಿನವೂ ಬಸ್ಸಿನ ಬೋರ್ಡಿನಲ್ಲಿ ಓದುವ ಊರಿನ ಹೆಸರಿನೊಳಗೆ ಇಷ್ಟು ಇತಿಹಾಸ ಇದೆ. ಇಂತಹ ಹಳೆಯ ರೂಪಗಳನ್ನು, ಬಳಕೆ ತಪ್ಪಿದ ಅಕ್ಷರಗಳ ಸಹಿತ, ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ಉಳಿಸಿಕೊಟ್ಟರು.

ಆ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಣೆಯಾಗಿ ಹೊರಬಂತು. ಸುಮಾರು 70,000 ಪದಗಳು, 1752 ಪುಟಗಳು. ಕನ್ನಡ ನಾಡಿಗೆ ಬಂದಾಗ 21 ವರ್ಷದವರಾಗಿದ್ದ ಕಿಟ್ಟೆಲ್ ಅವರಿಗೆ ಆಗ 62 ವರ್ಷ. ಕಂಪ್ಯೂಟರ್ ಇಲ್ಲ, ಕರೆಂಟ್ ಇಲ್ಲ. ಒಂದೊಂದು ಪದವನ್ನೂ ಕೈಯಲ್ಲೇ ಬರೆದು, ಕೈಯಲ್ಲೇ ಅಕಾರಾದಿಯಾಗಿ ಜೋಡಿಸಬೇಕು. ಈ ಕೆಲಸದಲ್ಲಿ ಅವರು ಇಲ್ಲಿನ ಪಂಡಿತರ ನೆರವು ಪಡೆದರು. ಕಾವ್ಯಗಳಿಂದ ಪದ ತೆಗೆದರು, ಜನರ ಬಾಯಿಂದ ಗಾದೆಗಳನ್ನು ಸೇರಿಸಿದರು. ಕಣ್ಣು ಎಂಬ ಪದ ಬಂದರೆ ಕನ್ನಡದ ಅರ್ಥ ಕೊಟ್ಟು ಸುಮ್ಮನಾಗದೆ ತಮಿಳು, ತೆಲುಗು, ಮಲಯಾಳ, ತುಳುವಿನ ಅದರ ಬಂಧುಗಳನ್ನೂ ಪಕ್ಕದಲ್ಲಿ ಕೂರಿಸಿದರು.

ಇನ್ನೊಂದು ವಿಷಯ ನನ್ನಂತಹ ಕಾಮರ್ಸ್ ವಿದ್ಯಾರ್ಥಿಯ ಗಮನ ಸೆಳೆಯುತ್ತದೆ. ನಮ್ಮ ಲೆಕ್ಕದ ಭಾಷೆಯನ್ನೇ ನೋಡಿ. ಜಮಾ, ಖರ್ಚು, ಬಾಕಿ, ವಸೂಲಿ, ನಗದು, ರಸೀದಿ, ಜಾಮೀನು, ದಲ್ಲಾಳಿ. ಇವೆಲ್ಲ ಅರಬ್ಬಿ, ಪಾರಸಿಯಿಂದ ಹೊರಟು ಹಿಂದುಸ್ತಾನಿಯ ದಾರಿಯಲ್ಲಿ ಕನ್ನಡಕ್ಕೆ ಬಂದ ಮಾತುಗಳು. ಕಚೇರಿಯಲ್ಲಿ ಅರ್ಜಿ, ತಾರೀಖು, ಹಾಜರಿ. ಹೊಲದಲ್ಲಿ ಜಮೀನು. ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ ನಿಂತರೆ ಇವುಗಳಲ್ಲಿ ಅರ್ಧ ಕಿವಿಗೆ ಬೀಳುತ್ತವೆ. ಹೇಳುವವರು ಲಿಂಗಾಯತರೋ ಒಕ್ಕಲಿಗರೋ ಮುಸಲ್ಮಾನರೋ ಎಂಬುದಕ್ಕೂ ಆ ಮಾತಿಗೂ ಸಂಬಂಧವಿಲ್ಲ. ಬಾಕಿ ಎಂದರೆ ಎಲ್ಲರಿಗೂ ಬಾಕಿಯೇ.

ಹೊರಗಿನಿಂದ ಬಂದ ಮಾತುಗಳಿಗೂ ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ಜಾಗ ಕೊಟ್ಟರು. ಹಿಂದುಸ್ತಾನಿಯಿಂದ ಬಂದದ್ದು, ಮರಾಠಿಯಿಂದ ಬಂದದ್ದು ಎಂದು ಪಕ್ಕದಲ್ಲಿ ಗುರುತು ಹಾಕಿದರು. ಎಲ್ಲಿಂದ ಬಂತೆಂದು ಮುಚ್ಚಿಡಲಿಲ್ಲ, ಹೊರಗಿನದೆಂದು ತಳ್ಳಿಯೂ ಹಾಕಲಿಲ್ಲ. ಜನ ಬಳಸುತ್ತಾರಾದರೆ ಅದು ಕನ್ನಡ ನಿಘಂಟಿಗೆ ಸೇರಬೇಕು. ಒಬ್ಬ ಒಳ್ಳೆಯ ಗುಮಾಸ್ತ ಬಂದ ಹಣವನ್ನು ಯಾರ ಕೈಯಿಂದ ಬಂತೆಂದು ಬರೆದುಕೊಂಡು ಜಮಾ ಮಾಡುತ್ತಾನಲ್ಲ, ಅದೇ ಪ್ರಾಮಾಣಿಕತೆ ಇದು.

ಈ ಮಾತು ನಮಗೆ ಯಾಕೆ ಮುಖ್ಯ ಎಂದು ಹೇಳಬೇಕು. ನಮ್ಮಲ್ಲಿ ಎಷ್ಟೋ ಜನರಿಗೆ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಪಠ್ಯಪುಸ್ತಕದಲ್ಲಿ ಇಂಗ್ಲಿಷ್. ನಾವು ಚೆನ್ನಾಗಿ ಕನ್ನಡ ಮಾತನಾಡಿದರೆ ಆಶ್ಚರ್ಯಪಟ್ಟು ಹೊಗಳುವವರಿದ್ದಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ. ಆದರೂ ಇದೇ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಆ ಆಶ್ಚರ್ಯ ಸ್ವಲ್ಪ ಚುಚ್ಚುತ್ತದೆ. ಇನ್ನೊಂದು ಕಡೆ, ಕನ್ನಡದಲ್ಲಿ ಪಾಸಾಗುವಷ್ಟು ಬಂದರೆ ಸಾಕು, ಅದು ನಮ್ಮ ಭಾಷೆಯಲ್ಲ ಎಂದುಕೊಳ್ಳುವವರು ನಮ್ಮೊಳಗೇ ಇದ್ದಾರೆ. ಇಬ್ಬರಿಗೂ ಕಿಟ್ಟೆಲ್ ಅವರ ನಿಘಂಟು ಉತ್ತರ ಕೊಡುತ್ತದೆ. ನಮ್ಮ ಮನೆಯ ಮಾತುಗಳು ನೂರಾರು ವರ್ಷಗಳಿಂದ ಕನ್ನಡದ ಮನೆಯೊಳಗೇ ಇವೆ ಎಂಬುದಕ್ಕೆ ಅದು 1894ರ ಲಿಖಿತ ದಾಖಲೆ.

ಹಾಗೆಂದು ನಮ್ಮನ್ನು ಕಿಟ್ಟೆಲ್ ಅವರಿಗೆ ಹೋಲಿಸುವುದು ಪೂರ್ತಿ ಸರಿಯಾಗುವುದಿಲ್ಲ. ಅವರು ಸಮುದ್ರ ದಾಟಿ ಬಂದವರು, ನಾವು ಇಲ್ಲಿಯವರೇ. ಅವರು ದುಡಿದು ಸಂಪಾದಿಸಿದ ಭಾಷೆ ನಮಗೆ ಬೀದಿಯಲ್ಲಿ ಆಡುತ್ತಲೇ ಸಿಕ್ಕಿದೆ. ಹಾಗಿರುವಾಗ ನಮ್ಮ ಜವಾಬ್ದಾರಿ ಅವರಿಗಿಂತ ಕಡಿಮೆ ಹೇಗಾಗುತ್ತದೆ? ಸುಲಭವಾಗಿ ಸಿಕ್ಕಿದ್ದನ್ನು ಅರ್ಧಂಬರ್ಧ ಕಲಿತು ಬಿಟ್ಟರೆ ನಷ್ಟ ನಮಗೇ.

ನಿಘಂಟು ಮುಗಿದ ಮೇಲೂ ಕಿಟ್ಟೆಲ್ ಸುಮ್ಮನೆ ಕೂರಲಿಲ್ಲ. 1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟು ಗೌರವಿಸಿತು. ಕೊನೆಯ ವರ್ಷಗಳನ್ನು ಅದೇ ಊರಿನಲ್ಲಿ ಕಳೆಯುತ್ತಾ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರಕ್ಕೂ ಸೇರಿದ ಒಂದು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದಕ್ಕೆ ಆಧಾರ ಕೇಶಿರಾಜನ ಶಬ್ದಮಣಿದರ್ಪಣ. ಆ ಪುಸ್ತಕ 1903ರಲ್ಲಿ ಹೊರಬಂತು. ಅದೇ ವರ್ಷ ಡಿಸೆಂಬರ್ ತಿಂಗಳಲ್ಲಿ ಕಿಟ್ಟೆಲ್ ತೀರಿಕೊಂಡರು. ಹೊಯ್ಸಳರ ನಾಡಿನ ವ್ಯಾಕರಣಕಾರ ಅವರ ಕೊನೆಯ ವರ್ಷದವರೆಗೂ ಜೊತೆಗಿದ್ದ ಎನ್ನಬಹುದು.

ಅವರು ನೋಡದೇ ಹೋದ ಒಂದು ಸಂಗತಿ ಇದೆ. 1936ರಲ್ಲಿ ನಮ್ಮ ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು 450ನೆಯ ಇಸವಿಯದೆಂದು ಹೇಳುವ ಕನ್ನಡ ಶಾಸನ ಬೆಳಕಿಗೆ ಬಂತು. ಕಿಟ್ಟೆಲ್ ಇದ್ದಿದ್ದರೆ ಅದರ ಒಂದೊಂದು ಪದಕ್ಕೂ ಚೀಟಿ ಬರೆಯುತ್ತಿದ್ದರೇನೋ!

ಕಿಟ್ಟೆಲ್ ಎಷ್ಟು ಜನರನ್ನು ತಮ್ಮ ಧರ್ಮಕ್ಕೆ ಸೇರಿಸಿದರು ಎಂದು ಇಂದು ಯಾರೂ ಕೇಳುವುದಿಲ್ಲ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ, ಬೆಂಗಳೂರಿನಲ್ಲಿ ಪ್ರತಿಮೆ ಇದೆ. 1968ರಿಂದ 1971ರವರೆಗೆ ಮದರಾಸು ವಿಶ್ವವಿದ್ಯಾಲಯ ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಆ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ತಂದಿತು. ಕ್ರೈಸ್ತರು ಮಾತ್ರ ಆ ನಿಘಂಟು ತೆರೆಯುವುದಿಲ್ಲ. ಕನ್ನಡ ಓದುವ ಎಲ್ಲರೂ ತೆರೆಯುತ್ತಾರೆ. ತನ್ನ ನಂಬಿಕೆಯಲ್ಲಿ ಗಟ್ಟಿಯಾಗಿದ್ದುಕೊಂಡೇ ಬೇರೆಯವರಿಗೆ ಉಪಯೋಗವಾಗುವ ಕೆಲಸ ಮಾಡಬಹುದು ಎಂದು ಅವರ ಬದುಕು ಹೇಳುತ್ತದೆ.

ಮಿತ್ರರೇ, ಮುಂದಿನ ಸಲ ಹಳೇಬೀಡಿಗೆ ಹೋದಾಗ ಕೆತ್ತನೆಯ ಜೊತೆಗೆ ಅಲ್ಲಿರುವ ಶಾಸನದ ಕಲ್ಲನ್ನೂ ಒಂದು ನಿಮಿಷ ನೋಡಿ. ಓದಲು ಬಾರದಿದ್ದರೂ ಒಂದೆರಡು ಅಕ್ಷರ ಗುರುತು ಸಿಕ್ಕೀತು. ವಾರಕ್ಕೆ ಒಂದು ಹೊಸ ಕನ್ನಡ ಪದವನ್ನು ಅದರ ಹುಟ್ಟಿನ ಸಮೇತ ತಿಳಿದುಕೊಂಡರೆ ಎರಡು ವರ್ಷದ ಪಿಯುಸಿ ಮುಗಿಯುವಾಗ ನೂರು ಪದಗಳಾಗುತ್ತವೆ. ಕಿಟ್ಟೆಲ್ ಅವರ ಎಪ್ಪತ್ತು ಸಾವಿರವೂ ಶುರುವಾದದ್ದು ಒಂದು ಪದದಿಂದಲೇ.