ಯಾರ ತಪ್ಪು ಅಂತ ಕೇಳೋ ಮೊದಲು ಸತ್ತವರನ್ನು ಎಣಿಸಿದ ಕ್ರಿಸ್ಟಲ್ ಈಸ್ಟ್‌ಮನ್

ಎಂಜಿನಿಯರಿಂಗ್ ಓದುವಾಗ ಒಂದು ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡಿದ್ದೆ. ಅಲ್ಲಿ ಅಪಘಾತಗಳ ರಿಜಿಸ್ಟರ್ ಒಂದಿತ್ತು. ದಿನಾಂಕ, ಹೆಸರು, ಯಂತ್ರ, ಗಾಯ, ಕೊನೆಯಲ್ಲಿ ಕಾರಣ ಅಂತ ಒಂದು ಕಾಲಂ. ಆ ಕಾಲಂನಲ್ಲಿ ಪುಟದಿಂದ ಪುಟಕ್ಕೆ ಒಂದೇ ಮಾತು: ಕೆಲಸಗಾರನ ಅಜಾಗರೂಕತೆ. ಬೆರಳು ಕಳೆದುಕೊಂಡವನದ್ದೂ ಅದೇ ಕಾರಣ, ಕಾಲು ಸುಟ್ಟುಕೊಂಡವನದ್ದೂ ಅದೇ ಕಾರಣ. ಆಗ ನನಗೆ ಅದರಲ್ಲಿ ವಿಶೇಷ ಏನೂ ಅನ್ನಿಸಿರಲಿಲ್ಲ. ಮೆಷಿನ್ ಸರಿಯಾಗೇ ಇತ್ತು, ಮನುಷ್ಯ ಎಡವಿದ ಅಂತ ನಂಬೋದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಬಹಳ ಸುಲಭ.

ಪತ್ರಿಕೋದ್ಯಮಕ್ಕೆ ಬಂದ ಎಷ್ಟೋ ವರ್ಷಗಳ ಮೇಲೆ ಕ್ರಿಸ್ಟಲ್ ಈಸ್ಟ್‌ಮನ್ ಅನ್ನೋ ಅಮೆರಿಕದ ವಕೀಲೆಯ ಬಗ್ಗೆ ಓದಿದಾಗ ಆ ರಿಜಿಸ್ಟರ್ ಮತ್ತೆ ನೆನಪಾಯಿತು. ನಾನು ಪುಟ ತಿರುಗಿಸಿ ಮುಚ್ಚಿಟ್ಟ ಕಾಲಂ ಮೇಲೆ ಈಕೆ ಒಂದು ವರ್ಷ ಕಳೆದಿದ್ದರು.

ಕ್ರಿಸ್ಟಲ್ ಹುಟ್ಟಿದ್ದು 1881ರ ಜೂನ್ 25ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಲ್‌ಬರೋದಲ್ಲಿ. ಅಪ್ಪ ಪಾದ್ರಿ. ಅಮ್ಮ ಆನಿಸ್ ಕೂಡ 1889ರಲ್ಲಿ ದೀಕ್ಷೆ ಪಡೆದು ಪಾದ್ರಿಯಾದವರು. ಹೆಂಗಸೊಬ್ಬರು ಚರ್ಚಿನ ವೇದಿಕೆಯ ಮೇಲೆ ನಿಂತು ಪ್ರವಚನ ಕೊಡೋದು ಆ ಕಾಲಕ್ಕೆ ಬಹಳ ಅಪರೂಪ. ಅಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಹೆಣ್ಣು ಇಷ್ಟೇ ಮಾಡಬೇಕು ಅನ್ನೋ ಗೆರೆ ಕಾಣಲೇ ಇಲ್ಲ. 1903ರಲ್ಲಿ ವಾಸರ್ ಕಾಲೇಜಿನ ಪದವಿ, ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿದರು. ಕೊಲಂಬಿಯಾದ ಕಾನೂನು ಶಾಲೆ ಆಗ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1907ರಲ್ಲಿ ತರಗತಿಗೆ ಎರಡನೆಯವರಾಗಿ ಹೊರಬಂದರು.

ಕಾನೂನು ಓದುವವರಿಗೆ, ವಕೀಲರ ಕಚೇರಿಯಲ್ಲಿ ಸಹಾಯಕರಾಗಲು ತರಬೇತಿ ಪಡೆಯುವವರಿಗೂ, ಟಾರ್ಟ್ ಪಾಠ ಶುರುವಾಗೋದು ನಾಲ್ಕು ಪ್ರಶ್ನೆಗಳಿಂದ. ಎದುರಿನವನಿಗೆ ಎಚ್ಚರ ವಹಿಸುವ ಹೊಣೆ ಇತ್ತಾ? ಅದನ್ನು ಮುರಿದನಾ? ಅದರಿಂದಲೇ ಗಾಯ ಆಯಿತಾ? ನಷ್ಟ ಎಷ್ಟು? ನಾಲ್ಕಕ್ಕೂ ಉತ್ತರ ಸಿಕ್ಕರೆ ಪರಿಹಾರ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಕ್ರಿಸ್ಟಲ್ ಓದಿದ ಕಾಲದ ಅಮೆರಿಕದಲ್ಲಿ ಕಾರ್ಮಿಕನೊಬ್ಬ ಈ ನಾಲ್ಕು ಮೆಟ್ಟಿಲು ಹತ್ತಿದರೂ ಮೇಲೆ ಮೂರು ಬಾಗಿಲು ಮುಚ್ಚಿರುತ್ತಿದ್ದವು.

ಒಂದು, ಕೆಲಸಕ್ಕೆ ಸೇರಿದ್ದೇ ಅದರ ಅಪಾಯವನ್ನು ಒಪ್ಪಿಕೊಂಡ ಹಾಗೆ. ಎರಡು, ಜೊತೆ ಕೆಲಸಗಾರನ ತಪ್ಪಿನಿಂದ ಗಾಯವಾದರೆ ಮಾಲೀಕ ಹೊಣೆಯಲ್ಲ. ಮೂರು, ಗಾಯಗೊಂಡವನದ್ದೂ ಒಂಚೂರು ತಪ್ಪಿದ್ದರೆ ಪೂರ್ತಿ ಕೇಸು ಬಿದ್ದುಹೋಗುತ್ತದೆ. ಎರಡನೆಯ ನಿಯಮ ಇಂಗ್ಲೆಂಡಿನಲ್ಲಿ 1837ರಲ್ಲಿ ಬೇರೂರಿತು. ಮ್ಯಾಸಚೂಸೆಟ್ಸ್ ನ್ಯಾಯಾಲಯ 1842ರಲ್ಲಿ ಅದನ್ನು ಒಪ್ಪಿಕೊಂಡಿತು. ಹಳಿಯ ಸ್ವಿಚ್ ನೋಡಿಕೊಳ್ಳುವವನ ತಪ್ಪಿನಿಂದ ರೈಲು ಹಳಿ ತಪ್ಪಿ, ಚಾಲಕನ ಬಲಗೈ ಹೋಗಿತ್ತು. ಕಂಪನಿ ಏನೂ ಕೊಡಬೇಕಿಲ್ಲ ಅಂತ ತೀರ್ಪಾಯಿತು. ಸಾವಿರಾರು ಜನ ದುಡಿಯುವ ಉಕ್ಕಿನ ಕಾರ್ಖಾನೆಯಲ್ಲಿ ಯಾವ ಅಪಘಾತದ ಹಿಂದೆ ತಾನೇ ಇನ್ನೊಬ್ಬ ಕೆಲಸಗಾರ ಇರುವುದಿಲ್ಲ?

1907ರಲ್ಲಿ ಪಾಲ್ ಕೆಲಾಗ್ ಮುಂದಾಳತ್ವದಲ್ಲಿ ಪಿಟ್ಸ್‌ಬರ್ಗ್ ಸಮೀಕ್ಷೆ ಶುರುವಾಯಿತು. ಅಮೆರಿಕದ ಉಕ್ಕಿನ ನಗರದ ಬದುಕನ್ನು ಮೂಲೆಮೂಲೆಯಿಂದ ಅಧ್ಯಯನ ಮಾಡುವ ದೊಡ್ಡ ಯೋಜನೆ ಅದು. ಕೆಲಸದ ಸ್ಥಳದ ಅಪಘಾತಗಳ ಭಾಗ ಕ್ರಿಸ್ಟಲ್ ಪಾಲಿಗೆ ಬಂತು. ಆಗ ಆಕೆಗೆ ವಯಸ್ಸು 26.

ಆಕೆ ಮಾಡಿದ ಕೆಲಸ ಹೇಳೋಕೆ ಸರಳ. ಅಲೆಗೆನಿ ಕೌಂಟಿಯಲ್ಲಿ 1906ರ ಜುಲೈ 1ರಿಂದ 1907ರ ಜೂನ್ 30ರವರೆಗೆ ಕೆಲಸದಲ್ಲಿ ಸತ್ತವರ ದಾಖಲೆಗಳನ್ನೆಲ್ಲ ತೆಗೆದರು. ಒಟ್ಟು 526 ಸಾವು. ಉಕ್ಕಿನ ಕೆಲಸದವರು 195, ರೈಲ್ವೆಯವರು 125, ಗಣಿಯವರು 71, ಉಳಿದ ಕೆಲಸಗಳವರು 135. ಇದರ ಜೊತೆಗೆ ಮೂರು ತಿಂಗಳಲ್ಲಿ ಆಸ್ಪತ್ರೆ ಸೇರಿದ ಗಾಯಾಳುಗಳ ಮಾಹಿತಿಯನ್ನೂ ಸೇರಿಸಿದರು. ಆಮೇಲೆ ಕಾಗದ ಬಿಟ್ಟು ಮನೆಗಳಿಗೆ ಹೋದರು. ಸತ್ತವರಲ್ಲಿ ಬಹಳಷ್ಟು ಜನ ಪೂರ್ವ ಯೂರೋಪಿನಿಂದ ವಲಸೆ ಬಂದವರು. ಎಷ್ಟೋ ವಿಧವೆಯರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಂಪನಿ ಎಷ್ಟು ಕೊಟ್ಟಿತು, ಈಗ ಯಾರು ದುಡಿಯುತ್ತಿದ್ದಾರೆ, ಮಕ್ಕಳು ಶಾಲೆ ಬಿಟ್ಟರಾ ಅಂತ ಒಂದೊಂದು ಮನೆಯಲ್ಲೂ ವಿಚಾರಿಸಿ ಬರೆದುಕೊಂಡರು.

ಕಾರ್ಖಾನೆ, ಗಣಿಗಳ ಮೇಲಧಿಕಾರಿಗಳ ಹತ್ತಿರ ಹೋದಾಗ ಸಿಕ್ಕಿದ್ದು ನನ್ನ ರಿಜಿಸ್ಟರಿನ ಉತ್ತರವೇ: ಬಹುತೇಕ ಎಲ್ಲ ಅಪಘಾತಕ್ಕೂ ಕೆಲಸಗಾರನ ಅಜಾಗರೂಕತೆಯೇ ಕಾರಣ. ಕ್ರಿಸ್ಟಲ್ ಅದನ್ನು ಹಾಗೇ ನಂಬಲೂ ಇಲ್ಲ, ಸಿಟ್ಟಿನಿಂದ ತಳ್ಳಿಹಾಕಲೂ ಇಲ್ಲ. ಒಂದೊಂದು ಸಾವನ್ನೂ ಬಿಡಿಸಿ ನೋಡಿದರು. ಅಜಾಗರೂಕತೆ ಅಂತ ಬರೆದ ಕಡೆ ದಿನಕ್ಕೆ ಹನ್ನೆರಡು ತಾಸು ದುಡಿದ ಆಯಾಸ ಇತ್ತು, ಕಿವಿ ಕಿವುಡಾಗುವ ಸದ್ದು ಇತ್ತು, ಬೇಗ ಮುಗಿಸು ಅನ್ನೋ ಒತ್ತಡ ಇತ್ತು. ಕೆಲವರು ಇನ್ನೂ ಹುಡುಗರು. ದಿನವೂ ಅಪಾಯದ ನಡುವೆ ಇರುವವನು ಅದನ್ನು ಮರೆತೇ ಕೆಲಸ ಮಾಡಬೇಕು, ಇಲ್ಲದಿದ್ದರೆ ಕೈಯೇ ಓಡುವುದಿಲ್ಲ ಅನ್ನೋದು ಆಕೆಗೆ ಅರ್ಥವಾಯಿತು.

ಪರಿಹಾರದ ಲೆಕ್ಕ ಇನ್ನೂ ಕಠೋರ. ಸತ್ತ ವಿವಾಹಿತರ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಏನೂ ಸಿಕ್ಕಿರಲಿಲ್ಲ, ಅಥವಾ ಸಿಕ್ಕಿದ್ದು 100 ಡಾಲರ್ ಒಳಗೆ. ಹೆಚ್ಚುಕಡಿಮೆ ಮಣ್ಣು ಮಾಡುವ ಖರ್ಚು. ಉಕ್ಕಿನ ಬೆಲೆಯಲ್ಲಿ ಸವೆದ ಯಂತ್ರದ ಖರ್ಚು ಸೇರುತ್ತಿತ್ತು, ಸವೆದ ಮನುಷ್ಯನ ಖರ್ಚು ಮಾತ್ರ ಅವನ ಹೆಂಡತಿಯ ಪಾಲಿಗೆ ಬರುತ್ತಿತ್ತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೂ ಉತ್ಪಾದನಾ ವೆಚ್ಚದ ಪಾಠ ಇತ್ತು. ಈ ಖರ್ಚು ಯಾರ ಖಾತೆಗೆ ಹೋಗುತ್ತೆ ಅಂತ ನಾವ್ಯಾರೂ ಕೇಳಿರಲಿಲ್ಲ.

1910ರಲ್ಲಿ ಪುಸ್ತಕ ಬಂತು, ಕೆಲಸದ ಅಪಘಾತ ಮತ್ತು ಕಾನೂನು ಅನ್ನೋ ಅರ್ಥದ ಹೆಸರಿನಲ್ಲಿ. ಅದರಲ್ಲಿ ಒಂದು ಕ್ಯಾಲೆಂಡರ್ ಇದೆ. ಆ ಒಂದು ವರ್ಷದ ದಿನಗಳ ಮೇಲೆ ಪ್ರತಿ ಸಾವಿಗೂ ಒಂದು ಗುರುತು. ಅದನ್ನು ನೋಡಿದ ಮೇಲೆ ಅಪಘಾತವನ್ನು ಆಕಸ್ಮಿಕ ಅನ್ನೋಕೆ ಬಾಯಿ ಬರುವುದಿಲ್ಲ. ಆಕೆಯ ವಾದ ಇಷ್ಟು: ಉದ್ಯಮ ನಡೆದರೆ ಇಷ್ಟು ಜನ ಸಾಯುತ್ತಾರೆ, ಗಾಯಗೊಳ್ಳುತ್ತಾರೆ ಅನ್ನೋದು ಮೊದಲೇ ಗೊತ್ತಿದೆ. ಹಾಗಿದ್ದ ಮೇಲೆ ತಪ್ಪು ಯಾರದು ಅಂತ ವರ್ಷಗಟ್ಟಲೆ ಕೋರ್ಟಿನಲ್ಲಿ ಜಗ್ಗಾಡುವ ಬದಲು ಆ ಖರ್ಚನ್ನು ಉದ್ಯಮವೇ ಹೊರಲಿ. ಮಾಲೀಕನ ಜೇಬಿಗೆ ಬಿಸಿ ತಟ್ಟಿದರೆ ಯಂತ್ರಕ್ಕೆ ರಕ್ಷಣೆಯ ಬೇಲಿಯೂ ತಾನಾಗಿ ಬರುತ್ತದೆ.

ಅಷ್ಟರಲ್ಲಿ, 1909ರಲ್ಲೇ, ನ್ಯೂಯಾರ್ಕ್ ಗವರ್ನರ್ ಚಾರ್ಲ್ಸ್ ಎವಾನ್ಸ್ ಹ್ಯೂಸ್ ಆಕೆಯನ್ನು ಮಾಲೀಕರ ಹೊಣೆ ಕುರಿತ ಆಯೋಗಕ್ಕೆ ನೇಮಿಸಿದ್ದರು. ಅಲ್ಲಿದ್ದ ಒಬ್ಬಳೇ ಹೆಣ್ಣು ಕ್ರಿಸ್ಟಲ್. ಆಯೋಗದ ಶಿಫಾರಸಿನ ಮೇಲೆ 1910ರಲ್ಲಿ ಬಹಳ ಅಪಾಯದ ಕೆಲಸಗಳಿಗೆ ಕಡ್ಡಾಯ ಪರಿಹಾರದ ಕಾನೂನು ಬಂತು. ತಪ್ಪು ಸಾಬೀತು ಮಾಡುವ ಅಗತ್ಯವೇ ಇಲ್ಲ.

ಆ ಕಾನೂನು ಒಂದು ವರ್ಷವೂ ಬಾಳಲಿಲ್ಲ. ಬಫಲೋದ ರೈಲ್ವೆ ಕೆಲಸಗಾರ ಅರ್ಲ್ ಐವ್ಸ್ ಕಾಲಿಗೆ ಪೆಟ್ಟಾಗಿ ಪರಿಹಾರ ಕೇಳಿದ್ದರು. ತಪ್ಪೇ ಮಾಡದ ಕಂಪನಿಯಿಂದ ಹಣ ಕೊಡಿಸುವುದು ಅದರ ಆಸ್ತಿಯನ್ನು ನ್ಯಾಯಬದ್ಧ ಪ್ರಕ್ರಿಯೆ ಇಲ್ಲದೆ ಕಸಿದ ಹಾಗೆ ಅಂತ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ 1911ರ ಮಾರ್ಚ್ 24ರಂದು ಕಾನೂನನ್ನು ರದ್ದು ಮಾಡಿತು. ಮರುದಿನ, ಮಾರ್ಚ್ 25ರ ಸಂಜೆ, ಅದೇ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಹೋಗುವ ಬಾಗಿಲೊಂದಕ್ಕೆ ಬೀಗ ಹಾಕಿತ್ತು. 146 ಜನ ಸತ್ತರು, ಹೆಚ್ಚಿನವರು ಎಳೆಯ ವಯಸ್ಸಿನ ವಲಸೆ ಹೆಣ್ಣುಮಕ್ಕಳು. ಮಾಲೀಕರಿಬ್ಬರೂ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರು.

ಕೋರ್ಟು ಮುಚ್ಚಿದ ಬಾಗಿಲನ್ನು ಜನ ತೆಗೆದರು. 1913ರಲ್ಲಿ ನ್ಯೂಯಾರ್ಕಿನ ಮತದಾರರು ರಾಜ್ಯ ಸಂವಿಧಾನದ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು, ಹೊಸ ಕಾನೂನು ಬಂತು, 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದು ಪೂರ್ತಿ ಗೆಲುವು ಅಂತ ನಾನು ಹೇಳಲಾರೆ. ನಿಗದಿತ ಮೊತ್ತ ಬೇಗ ಸಿಗುತ್ತೆ, ಅದಕ್ಕೆ ಬದಲಾಗಿ ಮಾಲೀಕನ ಮೇಲೆ ದಾವೆ ಹೂಡುವ ಹಕ್ಕನ್ನು ಕಾರ್ಮಿಕ ಬಿಟ್ಟುಕೊಡಬೇಕು. ಹೊಲದ ಕೆಲಸದವರು, ಮನೆಗೆಲಸದವರು ಹೊರಗೇ ಉಳಿದರು.

ಅಷ್ಟು ಹೊತ್ತಿಗೆ ಕ್ರಿಸ್ಟಲ್ ಬೇರೆ ಹೋರಾಟಗಳಲ್ಲಿದ್ದರು. ವಿಸ್ಕಾನ್ಸಿನ್‌ನಲ್ಲಿ ಹೆಂಗಸರ ಮತದ ಹಕ್ಕಿಗಾಗಿ ದುಡಿದು ಸೋತರು. ಮೊದಲ ಮದುವೆ ಮುರಿದಾಗ, ದುಡಿಯಬಲ್ಲ ಹೆಂಗಸು ಜೀವನಾಂಶ ತಗೋಬಾರದು ಅಂತ ಅದನ್ನು ನಿರಾಕರಿಸಿದರು. ಮೊದಲ ಮಹಾಯುದ್ಧವನ್ನು ವಿರೋಧಿಸಿದರು. ಯುದ್ಧ ವಿರೋಧಿಗಳ ಹಕ್ಕು ಕಾಯಲು 1917ರಲ್ಲಿ ಆಕೆ ಜೊತೆಗೂಡಿ ಕಟ್ಟಿದ ಸಂಸ್ಥೆಯೇ ಮುಂದೆ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಆಯಿತು. ಈ ನಿಲುವುಗಳ ಬೆಲೆಯನ್ನೂ ತೆತ್ತರು. 1920ರ ದಶಕದಲ್ಲಿ ಕಾಯಂ ಕೆಲಸ ಸಿಗದೆ ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ಓಡಾಡಿದರು. 1927ರಲ್ಲಿ ಎರಡನೆಯ ಗಂಡ ವಾಲ್ಟರ್ ಫುಲ್ಲರ್ ತೀರಿಕೊಂಡರು. ಮರುವರ್ಷ ಜುಲೈನಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಕ್ರಿಸ್ಟಲ್ ಕೂಡ ಹೋದರು. ವಯಸ್ಸು 47. ಇಬ್ಬರು ಚಿಕ್ಕ ಮಕ್ಕಳನ್ನು ಸ್ನೇಹಿತರು ಬೆಳೆಸಿದರು. ಐವತ್ತು ವರ್ಷ ಆಕೆಯ ಹೆಸರನ್ನು ಹೆಚ್ಚು ಕಡಿಮೆ ಎಲ್ಲರೂ ಮರೆತಿದ್ದರು.

ಭಾರತಕ್ಕೆ ಕಾರ್ಮಿಕರ ಪರಿಹಾರ ಕಾಯ್ದೆ ಬಂದಿದ್ದು 1923ರಲ್ಲಿ, ಬ್ರಿಟಿಷ್ ಮಾದರಿಯಲ್ಲಿ. ಮುಂದೆ ಅದರಲ್ಲೂ ಇದೇ ತಿಳಿವಳಿಕೆ ಸೇರಿತು: ಕುಡಿದಿದ್ದ, ಸುರಕ್ಷಾ ಸಾಧನ ತೆಗೆದಿದ್ದ ಅನ್ನೋ ನೆಪ ಸಾವು ತರದ ಗಾಯಕ್ಕೆ ನಡೆದೀತು, ಸಾವಿಗೆ ನಡೆಯದು. ಸತ್ತವನ ತಪ್ಪಿಗೆ ಮಕ್ಕಳನ್ನು ಹಸಿವಿಗೆ ದೂಡೋದು ಯಾವ ನ್ಯಾಯ?

ಆದರೆ ಎಣಿಕೆಯಲ್ಲೇ ಇಲ್ಲದವರಿಗೆ ಕಾನೂನು ಇದ್ದೂ ಇಲ್ಲದ ಹಾಗೆ. ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದನ್ನು ಚೆನ್ನಾಗಿ ಅರಿತವರು. ಮಲ ಹೊರುವವರೇ ನಮ್ಮಲ್ಲಿಲ್ಲ ಅಂತ ರಾಜ್ಯಗಳು ಹೇಳುತ್ತಿದ್ದಾಗ ಸಫಾಯಿ ಕರ್ಮಚಾರಿ ಆಂದೋಲನ ಊರೂರು ಸುತ್ತಿ ಪಟ್ಟಿ ಮಾಡಿ, ಫೋಟೊ ತೆಗೆದು ಸುಪ್ರೀಂ ಕೋರ್ಟಿಗೆ ಕೊಟ್ಟಿತು. 1993ರಿಂದ ಒಳಚರಂಡಿಯಲ್ಲಿ ಸತ್ತ ಎಲ್ಲರನ್ನೂ ಗುರುತಿಸಿ, ಪ್ರತಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಿ ಅಂತ ಕೋರ್ಟ್ ಆದೇಶಿಸಿದ್ದು 2014ರ ಮಾರ್ಚ್‌ನಲ್ಲಿ. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೂ 2021ರಲ್ಲಿ ಸರ್ಕಾರ ಸಂಸತ್ತಿಗೆ ಮಲ ಹೊರುವ ಕೆಲಸದಿಂದ ಯಾರೂ ಸತ್ತಿಲ್ಲ ಅಂತಲೇ ಹೇಳಿತು. ಮ್ಯಾನ್‌ಹೋಲ್‌ನಲ್ಲಿ ಸತ್ತವರು ಅಪಾಯಕಾರಿ ಸ್ವಚ್ಛತೆ ಅನ್ನೋ ಇನ್ನೊಂದು ಕಾಲಂಗೆ ಹೋಗಿದ್ದರು.

ಮುಂದಿನ ಸಲ ಕಟ್ಟಡದಿಂದ ಬಿದ್ದವನ, ಮ್ಯಾನ್‌ಹೋಲ್‌ಗೆ ಇಳಿದವನ ಸುದ್ದಿ ಬರೆಯುವಾಗ ಹೆಲ್ಮೆಟ್ ಹಾಕಿರಲಿಲ್ಲ, ಬೆಲ್ಟ್ ಕಟ್ಟಿರಲಿಲ್ಲ ಅನ್ನೋ ಸಾಲು ನನ್ನ ಕೈಗೂ ಬರುತ್ತದೆ. ಅದನ್ನು ಬರೆಯುವ ಮೊದಲು ಅವನು ಎಷ್ಟು ತಾಸು ಕೆಲಸ ಮಾಡಿದ್ದ, ಮನೆಗೆ ಎಷ್ಟು ಹಣ ಸಿಕ್ಕಿತು ಅಂತ ವಿಚಾರಿಸಬೇಕು. ಆ ರಿಜಿಸ್ಟರಿನಲ್ಲಿದ್ದ ಬೆರಳು ಹೋದವನ ಹೆಸರು ಈಗ ನನಗೆ ನೆನಪಿಲ್ಲ.