ತೋಟಕಾಚಾರ್ಯರು

ನರಸಿಂಹರಾಜಪುರದಿಂದ ಕೊಪ್ಪಕ್ಕೆ ಬಂದು, ಅಲ್ಲಿಂದ ಹರಿಹರಪುರದ ಮಾರ್ಗವಾಗಿ ಶೃಂಗೇರಿಯನ್ನು ಸೇರುವ ಪ್ರಯಾಣಿಕನಿಗೆ ದಾರಿಯುದ್ದಕ್ಕೂ ಅಡಕೆಯ ತೋಟಗಳೂ ದಟ್ಟವಾದ ಕಾಡೂ ಜೊತೆಗೊಡುತ್ತವೆ. ಶೃಂಗೇರಿಯಲ್ಲಿ ತುಂಗಾನದಿಯು ಮಠದ ಸೋಪಾನಗಳನ್ನು ತೊಳೆಯುತ್ತ ಹರಿಯುತ್ತದೆ. ಯಾತ್ರಿಕರು ಅಲ್ಲಿ ನಿಂತು ಮೀನುಗಳ ಹಿಂಡನ್ನು ನೋಡುತ್ತಾರೆ. ಶಾರದೆಯ ದರ್ಶನ ಪಡೆಯುತ್ತಾರೆ. 14ನೆಯ ಶತಮಾನದ ವಿದ್ಯಾಶಂಕರ ದೇವಾಲಯದ ಕಂಬಗಳನ್ನು ಸುತ್ತಿ ನೋಡಿ ಬೆರಗಾಗುತ್ತಾರೆ. ಆದರೆ ಇದೇ ನದಿಗೆ ಬಟ್ಟೆ ಒಗೆಯಲು ಹೋಗಿದ್ದ ಶಿಷ್ಯನೊಬ್ಬನಿಗಾಗಿ ಗುರುಗಳೊಬ್ಬರು ಪಾಠವನ್ನು ತಡೆಹಿಡಿದು ಕಾದಿದ್ದರೆಂಬ ಸಂಗತಿಯನ್ನು ನೆನೆಯುವವರು ವಿರಳ. ಆ ಗುರುಗಳು ಶ್ರೀ ಶಂಕರಾಚಾರ್ಯರು. ಶಿಷ್ಯನ ಹೆಸರು ಗಿರಿ.

ಶಂಕರರು ಬಾಳಿದ್ದು ಎಂಟನೆಯ ಶತಮಾನದ ಸುಮಾರಿಗೆ. ಅವರ ಮತ್ತು ಅವರ ಶಿಷ್ಯರ ಚರಿತ್ರೆಯನ್ನು ನಾವು ಅರಿಯುವುದು ಮುಖ್ಯವಾಗಿ ಶಂಕರವಿಜಯಗಳೆಂಬ ಕಾವ್ಯಗಳಿಂದ. ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವ ಮಾಧವೀಯ ಶಂಕರವಿಜಯವು ಶಂಕರರಿಗೆ ಹಲವು ಶತಮಾನಗಳ ಅನಂತರ ಸಂಸ್ಕೃತದಲ್ಲಿ ರಚಿತವಾದುದು. ಭಕ್ತಿಯಿಂದ ಬರೆದ ಕಾವ್ಯವಾದುದರಿಂದ ಅದರಲ್ಲಿ ಪವಾಡಗಳಿಗೆ ಕೊರತೆಯಿಲ್ಲ. ಹಾಗೆಂದು ಅದನ್ನು ಬದಿಗಿರಿಸುವುದು ತರವಲ್ಲ. ಗುರುಕುಲದ ಒಳಬದುಕನ್ನು, ಸಹಪಾಠಿಗಳ ನಡುವಣ ಸ್ಪರ್ಧೆ ಅಸೂಯೆಗಳನ್ನು ಅದು ಮುಚ್ಚುಮರೆಯಿಲ್ಲದೆ ಚಿತ್ರಿಸಿದೆ.

ಆ ಕಾಲದ ವಿದ್ಯಾಭ್ಯಾಸ ನಮ್ಮ ಕಾಲದ್ದರಂತಲ್ಲ. ಗುರುವಿನ ಬಾಯಿಂದ ಬಂದುದನ್ನು ಶಿಷ್ಯರು ಕಿವಿಯಿಂದ ಹಿಡಿಯಬೇಕು, ಮನನ ಮಾಡಬೇಕು, ಸಂದೇಹ ಬಂದೆಡೆ ಪ್ರಶ್ನಿಸಬೇಕು, ಪೂರ್ವಪಕ್ಷವನ್ನೊಡ್ಡಿ ವಾದಿಸಬೇಕು. ವಾದದಲ್ಲಿ ಯಾರ ನಾಲಿಗೆ ಚುರುಕೋ ಅವನೇ ಜಾಣನೆನಿಸಿಕೊಳ್ಳುತ್ತಿದ್ದನು. ಶಂಕರರ ಸುತ್ತ ಇದ್ದವರಾದರೋ ಸಾಮಾನ್ಯರಲ್ಲ. ಪದ್ಮಪಾದರು ಮುಂದೆ ಪಂಚಪಾದಿಕೆಯೆಂಬ ಗಹನವಾದ ವ್ಯಾಖ್ಯಾನವನ್ನು ಬರೆದವರು. ಸುರೇಶ್ವರರು ನೈಷ್ಕರ್ಮ್ಯಸಿದ್ಧಿಯ ಕರ್ತೃಗಳು; ಶೃಂಗೇರಿ ಪೀಠದ ಮೊದಲ ಅಧಿಪತಿಗಳಾದವರು. ಇಂಥವರ ನಡುವೆ ಗಿರಿ ಮೌನವಾಗಿ ಕುಳಿತಿರುತ್ತಿದ್ದನು. ಅವನು ಪ್ರಶ್ನೆ ಕೇಳಿದವನಲ್ಲ, ವಾದಕ್ಕೆ ನಿಂತವನಲ್ಲ. ಅವನಿಗೆ ಒಲಿದಿದ್ದುದು ಗುರುಸೇವೆ. ಗುರುಗಳಿಗಿಂತ ಮೊದಲು ಎದ್ದು ಮಿಂದು, ಅವರ ಸ್ನಾನಕ್ಕೂ ಹಲ್ಲುಜ್ಜುವುದಕ್ಕೂ ಬೇಕಾದುದನ್ನು ಅಣಿಮಾಡುವನು. ಅವರು ನಡೆದರೆ ನೆರಳಿನಂತೆ ಹಿಂದೆ ನಡೆಯುವನು, ನಿಂತರೆ ನಿಲ್ಲುವನು, ಅವರೆದುರು ಕಾಲು ಚಾಚಿ ಕೂರನು, ಆಕಳಿಸನು, ಹೆಚ್ಚು ಮಾತಾಡನು. ಅವನ ಊರು ಮನೆತನಗಳಿಗಿಂತ ಈ ನಡತೆಯನ್ನೇ ಕಾವ್ಯವು ಅಕ್ಕರೆಯಿಂದ ವರ್ಣಿಸುತ್ತದೆ.

ಒಂದು ದಿನ ಪಾಠದ ವೇಳೆಯಾಯಿತು. ಶಿಷ್ಯರೆಲ್ಲರೂ ಬಂದು ಕುಳಿತರು. ಪಾಠಕ್ಕೆ ಮೊದಲು ಹೇಳಬೇಕಾದ ಶಾಂತಿಮಂತ್ರವನ್ನು ಅವರು ಆರಂಭಿಸಲಿದ್ದರು. ಶಂಕರರು ಸ್ವಲ್ಪ ತಾಳಿರೆಂದರು; ಗಿರಿ ನದಿಯಿಂದ ಇನ್ನೂ ಬಂದಿರಲಿಲ್ಲ. ಗಳಿಗೆಗಳು ಉರುಳಿದವು. ಪದ್ಮಪಾದರಿಗೆ ಸಹನೆ ತಪ್ಪಿತು. ಶಾಸ್ತ್ರಕ್ಕೆ ಅಧಿಕಾರಿಯೇ ಅಲ್ಲದ ಮಂದಮತಿಗಾಗಿ ಇಷ್ಟು ಜನ ಕಾಯಬೇಕೇ ಎಂಬ ಭಾವದಿಂದ ಅವರು ಎದುರಿನ ಗೋಡೆಯನ್ನು ತೋರಿಸಿದರು. ಗಿರಿಗೆ ಬೋಧಿಸುವುದೂ ಒಂದೇ, ಆ ಗೋಡೆಗೆ ಬೋಧಿಸುವುದೂ ಒಂದೇ ಎಂಬುದು ಅವರ ಇಂಗಿತ. ಉಳಿದವರು ಮರುನುಡಿಯಲಿಲ್ಲ. ಪದ್ಮಪಾದರು ಕೆಟ್ಟವರಲ್ಲ, ಗುರುವಿನ ಕರೆಗೆ ಓಗೊಟ್ಟು ತುಂಬಿದ ಗಂಗೆಯನ್ನು ಲೆಕ್ಕಿಸದೆ ನಡೆದುಬಂದರೆಂದೂ, ಅವರು ಹೆಜ್ಜೆಯಿಟ್ಟಲ್ಲೆಲ್ಲ ತಾವರೆ ಅರಳಿತೆಂದೂ ಪ್ರತೀತಿ ಪಡೆದವರು. ಮೊದಲ ಸಾಲಿನಲ್ಲಿ ಕುಳಿತ ಜಾಣ ವಿದ್ಯಾರ್ಥಿಗೆ ಕೊನೆಯ ಸಾಲಿನವನು ಗೋಡೆಯಂತೆ ಕಾಣುವುದು ಎಲ್ಲ ಕಾಲದ ತರಗತಿಗಳಲ್ಲಿಯೂ ನಡೆದುಬಂದಿರುವ ಸಂಗತಿ.

ಶಂಕರರು ಪದ್ಮಪಾದರನ್ನು ಗದರಲಿಲ್ಲ. ಪಾಠವನ್ನು ಆರಂಭಿಸಲೂ ಇಲ್ಲ. ಅವರು ಕುಳಿತಲ್ಲಿಯೇ ಗಿರಿಗೆ ಹದಿನಾಲ್ಕು ವಿದ್ಯೆಗಳನ್ನು ಮನಸ್ಸಿನಿಂದಲೇ ಅನುಗ್ರಹಿಸಿದರೆಂದು ಕಾವ್ಯ ಹೇಳುತ್ತದೆ. ಅಷ್ಟರಲ್ಲಿ ನದಿಯ ಕಡೆಯಿಂದ ಗಿರಿ ಬಂದನು. ಅವನ ಬಾಯಿಂದ ಸಂಸ್ಕೃತ ಶ್ಲೋಕಗಳು ಹೊಮ್ಮುತ್ತಿದ್ದವು. ತತ್ತ್ವಾರ್ಥವನ್ನೂ ಗುರುಸ್ತುತಿಯನ್ನೂ ಬೆಸೆದ ಆ ಶ್ಲೋಕಗಳು ತೋಟಕವೆಂಬ ವೃತ್ತದಲ್ಲಿದ್ದವು. ಪಾದವೊಂದಕ್ಕೆ ಹನ್ನೆರಡು ಅಕ್ಷರ. ಎರಡು ಲಘು, ಒಂದು ಗುರು ಸೇರಿದ ಸಗಣವು ನಾಲ್ಕು ಸಲ ಬರುವುದು ಇದರ ಲಕ್ಷಣ. ಎರಡು ಹಗುರ ಹೆಜ್ಜೆ, ಒಂದು ಊರಿದ ಹೆಜ್ಜೆ ಎಂಬಂತೆ ನಡೆಯುವ ಈ ವೃತ್ತವನ್ನು ಓದುವುದಕ್ಕಿಂತ ಹಾಡುವುದೇ ಸುಲಭ. ಕುಳಿತವರೆಲ್ಲರೂ ತಲೆತಗ್ಗಿಸಿದರು, ಪದ್ಮಪಾದರ ಗರ್ವ ಇಳಿಯಿತು. ಅಂದಿನಿಂದ ಗಿರಿಗೆ ತೋಟಕಾಚಾರ್ಯರೆಂಬ ಹೆಸರಾಯಿತು.

ಅನುಗ್ರಹದ ಮಾತನ್ನು ಶ್ರದ್ಧಾಳುಗಳು ಹಾಗೆಯೇ ನಂಬುತ್ತಾರೆ. ಅಧ್ಯಾಪಕನಾಗಿ ಬಾಳಿದವನಿಗೆ ಈ ಕಥೆಯಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಗಿರಿ ದಿನವೂ ಪಾಠದಲ್ಲಿ ಕುಳಿತಿದ್ದನು. ಭಾಷ್ಯದ ಮಾತುಗಳು ಅವನ ಕಿವಿಯ ಮೇಲೆ ದಿನದಿನವೂ ಬಿದ್ದಿದ್ದವು. ಅವು ಒಳಗೆ ಇಳಿದಿರಲಿಲ್ಲವೆಂದು ತೀರ್ಮಾನಿಸಿದವರು ಸಹಪಾಠಿಗಳೇ ಹೊರತು ಗುರುಗಳಲ್ಲ. ವಾದವೆಂಬ ಒಂದೇ ಬಾಗಿಲಿನಲ್ಲಿ ಎಲ್ಲರ ತಿಳಿವಳಿಕೆಯೂ ಹೊರಬರಬೇಕೆಂದು ಅವರು ಎಣಿಸಿದ್ದರು. ಗಿರಿಯ ತಿಳಿವಳಿಕೆ ಹಾಡಿನ ಬಾಗಿಲಿನಿಂದ ಬಂದಿತು. ಗುರುಗಳು ಆ ಗಳಿಗೆಗಳನ್ನು ಕಾಯದೆ ಶಾಂತಿಮಂತ್ರ ಹೇಳಿಸಿಬಿಟ್ಟಿದ್ದರೆ ಅವನು ಒದ್ದೆ ಬಟ್ಟೆಗಳನ್ನು ಹರವಿ, ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕುಳಿತುಬಿಡುತ್ತಿದ್ದನೋ ಏನೋ.

ಶಂಕರರಿಗೆ ಇಂಥ ಶಿಷ್ಯ ಗಿರಿಯೊಬ್ಬನೇ ಅಲ್ಲ. ಅವರು ಶೃಂಗೇರಿಗೆ ಬರುವ ಮುನ್ನ ಶ್ರೀವಲಿಯೆಂಬ ಅಗ್ರಹಾರದಲ್ಲಿ ಪ್ರಭಾಕರನೆಂಬ ಗೃಹಸ್ಥನು ತನ್ನ ಮಗನನ್ನು ಕರೆತಂದು ಅವರ ಮುಂದೆ ನಿಲ್ಲಿಸಿದನು. ಹುಡುಗ ಮಾತಾಡುತ್ತಿರಲಿಲ್ಲ, ಓದು ಹತ್ತಿರಲಿಲ್ಲ, ಊರವರು ಅವನನ್ನು ಜಡನೆಂದು ಕರೆಯುತ್ತಿದ್ದರು. ನೀನು ಯಾರೆಂದು ಶಂಕರರು ಕೇಳಿದೊಡನೆ ಅವನು ಶ್ಲೋಕರೂಪದಲ್ಲಿಯೇ ಉತ್ತರವಿತ್ತನಂತೆ. ಅವನೇ ಹಸ್ತಾಮಲಕಾಚಾರ್ಯರು. ಶಂಕರರ ನಾಲ್ವರು ಪ್ರಧಾನ ಶಿಷ್ಯರಲ್ಲಿ ಇಬ್ಬರು, ಮನೆಯವರ ಇಲ್ಲವೆ ಜೊತೆಯವರ ಕಣ್ಣಿಗೆ ದಡ್ಡರಾಗಿದ್ದವರು ಎಂಬುದು ಗಮನಿಸತಕ್ಕ ಅಂಶ.

ಗಿರಿಗೆ ಇಂದಿನ ವೈದ್ಯರ ಭಾಷೆಯಲ್ಲಿ ಹೆಸರಿಡಹೊರಡುವುದು ಅತಿಯಾದೀತು. ಆದರೆ ಅವನಂತೆ ಗೋಡೆಯೆನಿಸಿಕೊಂಡವರ ವಿಷಯದಲ್ಲಿ ಲೋಕದ ತಿಳಿವು ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಬಹಳ ಬದಲಾಗಿದೆ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಹದಿನಾಲ್ಕು ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಟಪಾಠಗಳಲ್ಲಿ ಚುರುಕಾಗಿದ್ದ ಆ ಬಾಲಕನಿಗೆ ಅಕ್ಷರಗಳನ್ನು ಕೂಡಿಸಿ ಓದುವುದು ಮಾತ್ರ ಸಾಧ್ಯವಾಗಿರಲಿಲ್ಲ. ಪಾಠವೆಲ್ಲವೂ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಅವನು ಶಾಲೆಗೇ ಮೇಲಾಗುವನೆಂಬುದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು. ಬುದ್ಧಿಶಕ್ತಿಗೆ ಕೊರತೆಯಿಲ್ಲದೆಯೂ ಓದು, ಬರಹ ಅಥವಾ ಲೆಕ್ಕದಲ್ಲಿ ಕಾಣುವ ಇಂಥ ತೊಡಕನ್ನು ಇಂದು ನಿರ್ದಿಷ್ಟ ಕಲಿಕಾ ನ್ಯೂನತೆಯೆಂದು ಕರೆಯುತ್ತಾರೆ. ನಮ್ಮ ದೇಶದ 1995ರ ಕಾನೂನಿನಲ್ಲಿ ಇದರ ಹೆಸರಿರಲಿಲ್ಲ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮವು ಪಟ್ಟಿಮಾಡಿದ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದಾಗಿ ಸೇರಿತು. ನ್ಯೂನತೆಯ ಪ್ರಮಾಣ ಶೇಕಡ 40ಕ್ಕೆ ಕಡಮೆಯಿಲ್ಲದವರಿಗೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5ರಷ್ಟು, ಸರ್ಕಾರಿ ಹುದ್ದೆಗಳಲ್ಲಿ ಶೇಕಡ 4ರಷ್ಟು ಸ್ಥಾನಗಳನ್ನು ಅದು ಕಾಯ್ದಿರಿಸಿತು. 2018ರ ಮಾರ್ಗಸೂಚಿಯಂತೆ ಪರೀಕ್ಷೆಯಲ್ಲಿ ಅವರು ಬರಹಗಾರರ ನೆರವನ್ನು ಪಡೆಯಬಹುದು. ಗಂಟೆಯೊಂದಕ್ಕೆ 20 ನಿಮಿಷಕ್ಕೆ ಕಡಮೆಯಾಗದಷ್ಟು ಹೆಚ್ಚಿನ ಕಾಲಾವಕಾಶವೂ ಉಂಟು. ಶೃಂಗೇರಿಯ ಬಳಿಯ ಮೆಣಸೆಯಲ್ಲಿರುವ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣಕ್ಕೂ ಈ ಕಾನೂನು ಅನ್ವಯಿಸುತ್ತದೆ. ಶಂಕರರು ಗಿರಿಗಾಗಿ ಕಾದ ಗಳಿಗೆಗಳಿಗೆ ಯಾವ ಕಾನೂನಿನ ಆಸರೆಯೂ ಇರಲಿಲ್ಲ. ಹಾಗೆಂದು ಕಾನೂನು ಬೇಡವೆನ್ನಲಾಗದು. ಎಲ್ಲ ತರಗತಿಗಳಿಗೂ ಶಂಕರರು ದೊರೆಯುವುದಿಲ್ಲವಷ್ಟೆ.

ಮುಂದೆ ಶಿಷ್ಯರಿಗೆ ಹೊಣೆಗಳನ್ನು ಹಂಚುವ ಕಾಲ ಬಂದಿತು. ಸಂಪ್ರದಾಯದ ಪ್ರಕಾರ ಶಂಕರರು ದೇಶದ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಪೀಠಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಉತ್ತರದ ಜ್ಯೋತಿರ್ಮಠವನ್ನು ತೋಟಕಾಚಾರ್ಯರಿಗೆ ಒಪ್ಪಿಸಿದರು. ಇದು ಕನಿಕರದಿಂದ ಕೊಟ್ಟ ಹಗುರವಾದ ಕೆಲಸವಾಗಿರಲಿಲ್ಲ. ಜ್ಯೋತಿರ್ಮಠವಿರುವುದು ಬದರಿನಾಥದ ದಾರಿಯಲ್ಲಿ, ಹಿಮಾಲಯದಲ್ಲಿ ಸುಮಾರು 6,000 ಅಡಿ ಎತ್ತರದಲ್ಲಿ. ಚಳಿಗಾಲದಲ್ಲಿ ಬದರಿಯು ಹಿಮದಲ್ಲಿ ಮುಳುಗಿದಾಗ ಅಲ್ಲಿನ ದೇವರ ಪೂಜೆಯನ್ನು ಇಲ್ಲಿಯೇ ನಡೆಸುವ ವಾಡಿಕೆಯಿದೆ. ಮಲೆನಾಡಿನ ಮಳೆಯಲ್ಲಿ ಗುರುವಿನ ಬಟ್ಟೆ ಒಗೆಯುತ್ತಿದ್ದ ಶಿಷ್ಯರು ಆ ಹಿಮದ ನಾಡಿನಲ್ಲಿ ಅಥರ್ವವೇದದ ಸಂಪ್ರದಾಯಕ್ಕೆ ಸೇರಿದ ಪೀಠದ ಆಚಾರ್ಯರಾದರು. ಅವರು ತಪಸ್ಸು ಮಾಡಿದರೆನ್ನಲಾದ ಗುಹೆಯೊಂದನ್ನು ಅಲ್ಲಿ ತೋರಿಸುತ್ತಾರೆ. ಆ ಪೀಠವು 1776ರಿಂದ 1941ರವರೆಗೆ ಆಚಾರ್ಯರಿಲ್ಲದೆ ಬರಿದಾಗಿತ್ತು. ಅನಂತರ ಪುನಃ ಊರ್ಜಿತಗೊಂಡಿತು.

ತೋಟಕಾಚಾರ್ಯರ ಹೆಸರಿನಲ್ಲಿ ಜನ ಹೆಚ್ಚಾಗಿ ಹಾಡುವುದು ತೋಟಕಾಷ್ಟಕವನ್ನು. ವಿದ್ವಾಂಸರು ಹೆಚ್ಚು ಬೆಲೆ ಕೊಡುವುದು ಶ್ರುತಿಸಾರಸಮುದ್ಧರಣವೆಂಬ ಗ್ರಂಥಕ್ಕೆ. 170ಕ್ಕೂ ಹೆಚ್ಚು ಶ್ಲೋಕಗಳುಳ್ಳ ಈ ವೇದಾಂತಗ್ರಂಥವೂ ತೋಟಕ ವೃತ್ತದಲ್ಲಿಯೇ ಇದೆ. ಶಿಷ್ಯನೊಬ್ಬನು ಗುರುವನ್ನು ಸಮೀಪಿಸಿ ಕೇಳುತ್ತಾನೆ. ಗುರು ತಾಳ್ಮೆಯಿಂದ ವಿವರಿಸುತ್ತಾನೆ. ಪಾಠದಲ್ಲಿ ಒಂದು ಪ್ರಶ್ನೆಯನ್ನೂ ಕೇಳದಿದ್ದವರು ತಮ್ಮ ಗ್ರಂಥವನ್ನು ಪ್ರಶ್ನೋತ್ತರದ ರೂಪದಲ್ಲಿ ಬರೆದರು.

ಕೇರಳದ ತ್ರಿಶೂರಿನಲ್ಲಿಯೂ ತೋಟಕಾಚಾರ್ಯರ ಪರಂಪರೆಯದೆಂದು ಹೇಳಲಾಗುವ ಮಠವೊಂದಿದೆ. ಅದಕ್ಕೆ ವಡಕ್ಕೇ ಮಠ, ಎಂದರೆ ಬಡಗಣ ಮಠ, ಎಂದು ಹೆಸರು. ಅದು ವೇದಪಾಠಶಾಲೆಯಾಗಿ ಪ್ರಸಿದ್ಧವಾಯಿತು. ನಂಬೂದಿರಿಗಳ ಪದ್ಧತಿಯಂತೆ ಋಗ್ವೇದವನ್ನು ಕಲಿಸುವ ಗುರು ತನ್ನ ಮುಂದೆ ಕುಳಿತ ಬಾಲಕನ ತಲೆಯನ್ನು ಕೈಯಲ್ಲಿ ಹಿಡಿದು, ಸ್ವರ ಏರಿದಲ್ಲಿ ಏರಿಸುತ್ತ, ಇಳಿದಲ್ಲಿ ಬಾಗಿಸುತ್ತ ಮಂತ್ರವನ್ನು ಹೇಳಿಕೊಡುತ್ತಾನೆ. ಬಾಲಕನ ಕೈಯಲ್ಲಿ ಪುಸ್ತಕವಿರುವುದಿಲ್ಲ.