ಶಿಶುವಿನ ಮೊದಲ ಉಸಿರು

ತಾಯಿಯ ಗರ್ಭದಲ್ಲಿರುವ ಶಿಶುವಿಗೆ ಬೇಕಾದ ಆಮ್ಲಜನಕವು ತಾಯಿಯ ರಕ್ತದಿಂದಲೇ ದೊರೆಯುತ್ತದೆ. ಹುಟ್ಟಿದೊಡನೆ ಅದು ತಾನೇ ಉಸಿರಾಡಬೇಕು. ನವಮಾಸ ತುಂಬುವ ಮುನ್ನವೇ ಜನಿಸಿದ ಶಿಶುವಿಗೆ ಇದು ಬಲು ಕಷ್ಟ. ಅದರ ಶ್ವಾಸಕೋಶಗಳು ಇನ್ನೂ ಬಲಿತಿರುವುದಿಲ್ಲ. ಈ ಮೊದಲ ನಿಮಿಷಗಳ ಕಡೆಗೆ ವೈದ್ಯಲೋಕದ ದೃಷ್ಟಿಯನ್ನು ತಿರುಗಿಸಿದವರು ಡಾಕ್ಟರ್ ವರ್ಜೀನಿಯಾ ಅಪ್ಗಾರ್.

ಅಪ್ಗಾರ್ 1909ನೆಯ ಇಸವಿ ಜೂನ್ 7ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದರು. ಅವರ ಅಣ್ಣನೊಬ್ಬನು ಎಳವೆಯಲ್ಲಿಯೇ ಕ್ಷಯರೋಗಕ್ಕೆ ತುತ್ತಾಗಿದ್ದನು. 1933ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಅವರು ವೈದ್ಯ ಪದವಿಯನ್ನು ಪಡೆದರು. ಶಸ್ತ್ರವೈದ್ಯೆಯಾಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಆ ವೃತ್ತಿಯಲ್ಲಿ ಹೆಂಗಸರಿಗೆ ನೆಲೆ ದೊರೆಯುವುದು ಕಠಿಣವೆಂದು ಅರಿತಿದ್ದ ಗುರು ಅಲೆನ್ ವಿಪಲ್ ಅವರು ಅರಿವಳಿಕೆ ಶಾಸ್ತ್ರವನ್ನು ಕೈಗೊಳ್ಳುವಂತೆ ಸಲಹೆಯಿತ್ತರು. ಕಾಲದ ಅನ್ಯಾಯದಿಂದ ಹುಟ್ಟಿದ ಸಲಹೆ ಅದು. ಆದರೂ ಅದೇ ಅವರನ್ನು ಹೆರಿಗೆಯ ಕೋಣೆಗೆ ಕರೆತಂದಿತು. 1949ರಲ್ಲಿ ಅವರು ಅಲ್ಲಿನ ವೈದ್ಯ ಕಾಲೇಜಿನಲ್ಲಿ ಪೂರ್ಣ ಪ್ರಾಧ್ಯಾಪಕ ಪದವಿಗೇರಿದ ಮೊದಲ ಮಹಿಳೆಯಾದರು.

ಆ ದಿನಗಳಲ್ಲಿ ಹೆರಿಗೆಯಾದೊಡನೆ ಎಲ್ಲರ ಗಮನವೂ ತಾಯಿಯ ಮೇಲಿರುತ್ತಿತ್ತು. ಅಳದೆ, ನೀಲಿಗಟ್ಟಿ ಮಲಗಿದ ಶಿಶುವನ್ನು ಕೆಲವೊಮ್ಮೆ ಉಳಿಯದೆಂದು ಬಗೆದು ಬದಿಗಿಡುವುದೂ ಉಂಟಾಗಿತ್ತು. ನವಜಾತ ಶಿಶುವಿನ ಸ್ಥಿತಿಯನ್ನು ಅಳೆಯುವುದು ಹೇಗೆಂದು ವಿದ್ಯಾರ್ಥಿಯೊಬ್ಬನು ಒಂದು ಬೆಳಗ್ಗೆ ಉಪಾಹಾರದ ವೇಳೆಯಲ್ಲಿ ಕೇಳಲು, ಅಪ್ಗಾರ್ ಕೈಗೆ ಸಿಕ್ಕಿದ ಕಾಗದದ ಮೇಲೆ ಐದು ಅಂಶಗಳನ್ನು ಗೀಚಿಕೊಟ್ಟರೆಂದು ಹೇಳುತ್ತಾರೆ. ಹೃದಯದ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಕೆಣಕಿದಾಗ ತೋರುವ ಪ್ರತಿಕ್ರಿಯೆ ಮತ್ತು ಮೈಬಣ್ಣ ಇವೇ ಆ ಐದು. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ; ಒಟ್ಟು ಹತ್ತು. ಬೆಲೆಬಾಳುವ ಯಂತ್ರವೊಂದೂ ಬೇಕಿಲ್ಲ. ನೋಡುವ ಕಣ್ಣು ಬೇಕು, ಅಷ್ಟೇ. 1953ರಲ್ಲಿ ಈ ಕ್ರಮವು ಪ್ರಕಟವಾಯಿತು.

ಮುಂದೆ ಅಪ್ಗಾರ್ ಅವರು ಹಾಲಡೇ ಮತ್ತು ಜೇಮ್ಸ್ ಎಂಬ ವೈದ್ಯರೊಡನೆ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಹುಟ್ಟುವಾಗ ಆಮ್ಲಜನಕ ಕಡಿಮೆಯಿರುವುದು ಸಹಜವೆಂಬ ನಂಬಿಕೆ ಅದುವರೆಗೆ ಇತ್ತು. ಅದು ಸಹಜವಲ್ಲ, ಒಡನೆಯೇ ನೆರವು ಬೇಕಾದ ಸ್ಥಿತಿ ಎಂಬುದು ಇದರಿಂದ ತಿಳಿದುಬಂದಿತು.

ಆದರೆ ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಸಂಕಟವು ಮೊದಲ ನಿಮಿಷಗಳಿಗೇ ಮುಗಿಯುವುದಿಲ್ಲ. ಉಸಿರಾಟವನ್ನು ನಡೆಸುವ ಮೆದುಳಿನ ಭಾಗವು ಬಲಿಯದಿರುವುದರಿಂದ, ದಿನಗಳು ಕಳೆದ ಮೇಲೂ ಉಸಿರು ಆಗಾಗ ನಿಂತು, ರಕ್ತದಲ್ಲಿ ಆಮ್ಲಜನಕವು ಇಳಿದುಹೋಗುತ್ತದೆ. ಅಪ್ಗಾರ್ ಅಂಕಗಳಿಂದ ಇದನ್ನು ಮುಂಗಾಣಲಾಗದು. ಆದುದರಿಂದ ಇಂದು ಅಂತಹ ಶಿಶುವಿನ ಪಾದಕ್ಕೆ ಬೆಳಕಿನ ಚಿಕ್ಕ ಸಾಧನವೊಂದನ್ನು ಕಟ್ಟಿ, ಆಮ್ಲಜನಕದ ಮಟ್ಟವನ್ನು ಹಗಲಿರುಳೂ ಅಳೆಯುತ್ತಾರೆ.

1959ರ ನಂತರ ಅಪ್ಗಾರ್ ಅವರು ಶಿಶುಗಳ ಜನ್ಮದೋಷಗಳನ್ನು ತಡೆಯುವ ಕಾರ್ಯಕ್ಕೆ ತಮ್ಮನ್ನು ಅರ್ಪಿಸಿಕೊಂಡರು. ದಾರಿಯಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಬೇಕಾಗಬಹುದೆಂದು ಸಣ್ಣ ಚಾಕು ಮತ್ತು ಕೊಳವೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಿಡುವಿನಲ್ಲಿ ಪಿಟೀಲಿನ ಜಾತಿಯ ವಾದ್ಯಗಳನ್ನು ತಾವೇ ತಯಾರಿಸಿ ನುಡಿಸುತ್ತಿದ್ದರು. 1974ನೆಯ ಇಸವಿ ಆಗಸ್ಟ್ 7ರಂದು ಅವರು ನಿಧನರಾದರು. ಇಪ್ಪತ್ತು ವರ್ಷಗಳ ತರುವಾಯ ಅಮೆರಿಕದ ಅಂಚೆ ಇಲಾಖೆಯು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.